ಹಳೇ ಸೆಸ್ನಾಕ್ಕೆ ಹೊಸ ಪ್ಯಾನೆಲ್: ಲೆಕ್ಕ ಎಲ್ಲಿ ತಪ್ಪಿತು

  ಊಟಕ್ಕೆ ಮುಂಚಿನ ಭಾಷಣವನ್ನು ಒಬ್ಬ ಸಿಎಗೆ ಕೊಟ್ಟ ಸಂಘಟಕರ ಧೈರ್ಯ ಮೆಚ್ಚಬೇಕು.

ಹಣಕಾಸಿನ ಬಗ್ಗೆ ಮಾತಾಡಿ ಎಂದರು. ನಿವೃತ್ತಿ ಉಳಿತಾಯ, ಮನೆ ಸಾಲ, ಊರಿನ ಸೈಟು, ಇವೆಲ್ಲ ನಿಮಗೆ ನನ್ನಷ್ಟೇ ಗೊತ್ತು. ಅದಕ್ಕೇ ನಾನೇ ಎಡವಿದ ಒಂದು ಲೆಕ್ಕ ಹೇಳುತ್ತೇನೆ.

ನಾವು ಮೂವರು ಸೇರಿ 2021ರಲ್ಲಿ ಒಂದು ಹಳೇ ಸೆಸ್ನಾ 172 ಕೊಂಡೆವು. 1976ರದ್ದು, ನಾಲ್ಕು ಸೀಟು, ಒಂದೇ ಎಂಜಿನ್. ರೋಮಿಯೋವಿಲ್‌ನ ಲೂಯಿಸ್ ಯೂನಿವರ್ಸಿಟಿ ಏರ್‌ಪೋರ್ಟಿನಲ್ಲಿ ಇಟ್ಟಿದ್ದೇವೆ. ನಾಲ್ಕನೆಯವನು ಹಾಸನದ ಹುಡುಗ. ಅವನಿಗೂ ಪೈಲಟ್ ಲೈಸೆನ್ಸ್ ಇತ್ತು, ಆದರೆ ಇದ್ದದ್ದು ಎಚ್-1ಬಿ ವೀಸಾದಲ್ಲಿ. ಇಲ್ಲಿ ವಿಮಾನವನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸಬೇಕಾದರೆ ನಾಗರಿಕರಾಗಿರಬೇಕು ಅಥವಾ ಗ್ರೀನ್ ಕಾರ್ಡ್ ಇರಬೇಕು. ಕಾರಿನ ಹಾಗಲ್ಲ. ಹಾಗಾಗಿ ಅವನು ಮಾಲೀಕನಲ್ಲ, ತಿಂಗಳಿಗಿಷ್ಟು ಕೊಟ್ಟು ಹಾರಿಸುವ ಸದಸ್ಯ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಓಹೇರ್ ಮತ್ತು ಡೆಟ್ರಾಯಿಟ್ ಮೆಟ್ರೋ ಎರಡರ ಸುತ್ತಲೂ 30 ನಾಟಿಕಲ್ ಮೈಲಿಯೊಳಗೆ ಹಾರಲು ಎಡಿಎಸ್-ಬಿ ಬೇಕು. ವಿಮಾನ ತಾನೆಲ್ಲಿದ್ದೇನೆಂದು ಜಿಪಿಎಸ್‌ನಿಂದ ತಿಳಿದು ತಾನೇ ಬಿತ್ತರಿಸುತ್ತಾ ಹೋಗುವ ವ್ಯವಸ್ಥೆ ಅದು. ನಿಯಮ ಮಾಡಿದ್ದು 2010ರಲ್ಲಿ, ಜಾರಿಗೆ ಬಂದದ್ದು 2020ರ ಜನವರಿ 1ಕ್ಕೆ. ನಡುವೆ 2016ರಲ್ಲಿ ಎಫ್‌ಎಎ 500 ಡಾಲರ್ ರಿಬೇಟ್ ಕೊಟ್ಟು ಮಾಲೀಕರನ್ನು ಪುಸಲಾಯಿಸಿತು. ನಮ್ಮ ವಿಮಾನದ ಹಿಂದಿನ ಮಾಲೀಕರು ಅಗ್ಗದ ದಾರಿ ಹಿಡಿದಿದ್ದರು. ರೆಕ್ಕೆ ತುದಿಯ ದೀಪ ತೆಗೆದು, ಅದೇ ಜಾಗಕ್ಕೆ, ಅದೇ ವೈರಿಗೆ ಸ್ಕೈಬೀಕನ್ ಕೂರಿಸಿದ್ದರು. ಅಂದರೆ ಕಾನೂನಿನ ಮಟ್ಟಿಗೆ ನಾವು ಒಂದು ಡಾಲರೂ ಖರ್ಚು ಮಾಡಬೇಕಿರಲಿಲ್ಲ.

ಮತ್ತೇಕೆ ಮಾಡಿದಿರಿ? ಮೋಡ. ನಾವು ಹೆಚ್ಚಾಗಿ ಹೋಗುವುದು ಆನ್ ಆರ್ಬರ್ ಕಡೆಗೆ, ಕೆರೆ ದಾಟದೆ ಗ್ಯಾರಿ, ಮಿಶಿಗನ್ ಸಿಟಿ ಮೇಲೆ ಸುತ್ತಿಕೊಂಡು. (ಕೆರೆ ಎನ್ನುತ್ತೇನೆ, ನಮ್ಮ ಇಡೀ ಜಿಲ್ಲೆ ಮುಳುಗಿಹೋಗುವಷ್ಟು ದೊಡ್ಡ ಮಿಶಿಗನ್ ಸರೋವರಕ್ಕೆ.) ಅಕ್ಟೋಬರ್ ಬಂತೆಂದರೆ ಅಲ್ಲಿ ಮೋಡ ಕೆಳಗಿಳಿದು ಕೂತುಬಿಡುತ್ತದೆ. ಮೋಡದೊಳಗೆ ರೆಕ್ಕೆ ನೆಟ್ಟಗಿದೆಯೋ ವಾಲಿದೆಯೋ ನಮ್ಮ ಮೈಗೆ ಗೊತ್ತಾಗುವುದಿಲ್ಲ, ಉಪಕರಣ ನೋಡಿಯೇ ತಿಳಿಯಬೇಕು. ಹಳೇ ಸೆಸ್ನಾದಲ್ಲಿ ಅದನ್ನು ತೋರಿಸುವ ಗೈರೋಗಳು ಒಂದು ವ್ಯಾಕ್ಯೂಮ್ ಪಂಪಿನಿಂದ ತಿರುಗುತ್ತವೆ. ಆ ಪಂಪು ಮುನ್ಸೂಚನೆ ಕೊಡದೆ ಸಾಯುವುದಕ್ಕೆ ಹೆಸರುವಾಸಿ. ಮೊದಲು ಇಂಥ ಪ್ರಮಾಣಿತ ವಿಮಾನಗಳಿಗೆ ಬದಲಿ ಉಪಕರಣ ಹಾಕುವುದೆಂದರೆ ಕೈಗೆಟುಕದ ಮಾತು. 2016ರಲ್ಲಿ ಗಾರ್ಮಿನ್‌ನ ಜಿ5ಗೆ ಒಪ್ಪಿಗೆ ಸಿಕ್ಕ ಮೇಲೆ ನಮ್ಮಂಥವರೂ ಯೋಚಿಸುವ ಹಾಗಾಯಿತು. ಅದಕ್ಕೆ ತನ್ನದೇ ಬ್ಯಾಟರಿ ಇದೆ.

2023ರಲ್ಲಿ ನಿರ್ಧಾರ ಮಾಡಿದೆವು: ಎರಡು ಜಿ5, ಒಂದು ಜಿಪಿಎಸ್ ನ್ಯಾವಿಗೇಟರ್, ಒಂದು ಆಡಿಯೋ ಪ್ಯಾನೆಲ್. ಉಪಕರಣಗಳಿಗೆ 13,400 ಡಾಲರ್. ಜೋಡಿಸಲು 80 ಗಂಟೆ, ಗಂಟೆಗೆ 115ರಂತೆ 9,200. ಒಟ್ಟು 22,600. ನಾಲ್ಕು ವಾರದಲ್ಲಿ ಮುಗಿಯುತ್ತದೆ ಎಂದರು. ನಾಲ್ವರೂ ಬಳಸುವುದರಿಂದ ತಲಾ 5,650 ಹಾಕಿದೆವು, ಹಾಸನದ ಹುಡುಗನೂ ಸೇರಿ.

ಪ್ಯಾನೆಲ್ ಬಿಚ್ಚಿದ ಮೂರನೇ ದಿನ ಮೆಕ್ಯಾನಿಕ್ ಫೋಟೋ ಕಳಿಸಿದರು. ಹಳೇ ಮನೆ ಗೋಡೆ ಒಡೆದರೆ ಹೇಗೋ ಹಾಗೆ. ಸುಮಾರು ಐವತ್ತು ವರ್ಷದ ವೈರು, ಹೊದಿಕೆ ಬಿರುಕು ಬಿಟ್ಟದ್ದು, ಯಾವುದೋ ಕಾಲದಲ್ಲಿ ಯಾರೋ ತೆಗೆದುಹಾಕಿದ ರೇಡಿಯೋದ ಅನಾಥ ತಂತಿಗಳು, ಲಾಗ್‌ಬುಕ್ಕಿನಲ್ಲಿ ಒಂದಕ್ಷರ ಬರೆಯದ ಜೋಡಣೆಗಳು. ಹೊಸ ಉಪಕರಣವನ್ನು ಅದರ ಮೇಲೇ ಕೂರಿಸಿ ಎನ್ನಲು ಬಾಯಿ ಬರಲಿಲ್ಲ, ಹೇಳಿದ್ದರೂ ಅವರು ಸಹಿ ಹಾಕುತ್ತಿರಲಿಲ್ಲ. 80 ಗಂಟೆ 126 ಆಯಿತು. ಕೂಲಿ 14,490. ವೈರು, ಆಂಟೆನಾ, ಕನೆಕ್ಟರ್ ಎಂದು ಇನ್ನೊಂದು 2,150. ಒಟ್ಟು 30,040. ನಾಲ್ಕು ವಾರ ಹನ್ನೊಂದಾಯಿತು. ಹಾರದಿದ್ದರೂ ಹ್ಯಾಂಗರ್ ಬಾಡಿಗೆ, ವಿಮೆ ನಿಲ್ಲುವುದಿಲ್ಲವಲ್ಲ, ಅದು 1,250. ಕಾರ್ಯಾಗಾರದವರ ಮೇಲೆ ನನಗೆ ದೂರಿಲ್ಲ. ಬಾಕ್ಸಿನ ಬೆಲೆ ಕ್ಯಾಟಲಾಗಿನಲ್ಲಿರುತ್ತದೆ. ಪ್ಯಾನೆಲ್ ಹಿಂದೆ ಏನಿದೆ ಎಂಬುದು ಬಿಚ್ಚುವ ತನಕ ಯಾರಿಗೂ ತಿಳಿಯದು. ಮೂರನೇ ಒಂದು ಭಾಗದಷ್ಟನ್ನು ಅನಿರೀಕ್ಷಿತಕ್ಕೆ ಎತ್ತಿಡಿ ಎಂದು ಕಕ್ಷಿದಾರರಿಗೆಲ್ಲ ಬುದ್ಧಿ ಹೇಳುವ ನಾನು ಒಂದು ಕಾಸನ್ನೂ ಎತ್ತಿಟ್ಟಿರಲಿಲ್ಲ.

ಏಳನೇ ವಾರದಲ್ಲಿ, ಪ್ಯಾನೆಲ್ ಇನ್ನೂ ತೂತು ತೂತಾಗಿರುವಾಗ, ಹಾಸನದ ಹುಡುಗನ ಕೆಲಸ ಹೋಯಿತು. ಎಚ್-1ಬಿಯವರಿಗೆ ಆಮೇಲೆ ಸಿಗುವುದು ಹೆಚ್ಚೆಂದರೆ 60 ದಿನ, ನಿಮ್ಮಲ್ಲಿ ಎಷ್ಟೋ ಜನ ಆ ದಿನಗಳನ್ನು ಎಣಿಸಿದವರೇ. ಅಪಾರ್ಟ್‌ಮೆಂಟ್ ಲೀಸು, ಮಗುವಿನ ಶಾಲೆ, ಕಾರಿನ ಸಾಲ. ಅವನು ಸಂಕೋಚದಲ್ಲೇ ಫೋನು ಮಾಡಿದ. "ಅಣ್ಣಾ, ಆ ಐದು ಸಾವಿರದಲ್ಲಿ ಏನಾದರೂ ವಾಪಸ್ ಬರುತ್ತದಾ? ಇಲ್ಲದಿದ್ದರೂ ಪರವಾಗಿಲ್ಲ."

ಮೂವರು ಕೂತೆವು. ಒಬ್ಬರು ಹೇಳಿದರು, ದುಡ್ಡು ಆಗಲೇ ಖರ್ಚಾಗಿದೆ, ಎಲ್ಲಿಂದ ಕೊಡುವುದು? ಇನ್ನೊಬ್ಬರು, ಮಾರುವಾಗ ಪ್ಯಾನೆಲ್‌ಗೆ ಹಾಕಿದ್ದರಲ್ಲಿ ಅರ್ಧ ಬಂದರೆ ಹೆಚ್ಚು, ಅರ್ಧ ಕೊಡೋಣ ಎಂದರು. ಎರಡೂ ಕೇಳಲು ನ್ಯಾಯವಾಗಿಯೇ ಇತ್ತು. ಕಾಗದದಲ್ಲಿ ಅವನ ಹೆಸರು ಎಲ್ಲೂ ಇರಲಿಲ್ಲ. ಕೋರ್ಟಿಗೆ ಹೋಗುವವನೂ ಅಲ್ಲ, ಹೋಗಲು ಸಮಯವೂ ಇಲ್ಲ. ನಾನು ಕೂಡ ಒಂದು ರಾತ್ರಿ ಅರ್ಧದ ಪಕ್ಷದಲ್ಲೇ ಇದ್ದೆ ಎಂದು ಒಪ್ಪಿಕೊಳ್ಳಬೇಕು.

ಬೆಳಿಗ್ಗೆ ಪುಸ್ತಕದಲ್ಲಿ ಎಂಟ್ರಿ ಹಾಕಲು ಕೂತಾಗ ಕೈ ನಿಂತಿತು. ಅವನು ಮಾಲೀಕನಲ್ಲ ಎಂದ ಮೇಲೆ ಆ 5,650 ಬಂಡವಾಳ ಅಲ್ಲ. ಮುಂದೆ ಬಳಸಲು ಕೊಟ್ಟ ಮುಂಗಡ. ಅವನು ಹೊಸ ಪ್ಯಾನೆಲ್‌ನಲ್ಲಿ ಒಂದು ಗಂಟೆಯೂ ಹಾರಿಲ್ಲ. ಸೇವೆ ಕೊಡದೆ ತೆಗೆದುಕೊಂಡ ಮುಂಗಡ ನಮ್ಮ ಸಾಲದ ಕಡೆ ಬರುತ್ತದೆ, ನಾವು ಅದನ್ನು ಯಾತಕ್ಕೆ ಖರ್ಚು ಮಾಡಿದೆವು ಎಂಬುದು ನಮ್ಮ ತಾಪತ್ರಯ. ಮಾರುಕಟ್ಟೆಯಲ್ಲಿ ಅರ್ಧ ಬೆಲೆ ಇಳಿಯುವ ನಷ್ಟ ಮಾಲೀಕರದ್ದು, ಯಾಕೆಂದರೆ ಮಾರಿದರೆ ಲಾಭ ಬರುವುದೂ ಮಾಲೀಕರಿಗೇ. ಪೂರ್ತಿ ವಾಪಸ್ ಕೊಡಬೇಕು. ಇದನ್ನು ಉಪಕಾರ ಎಂದು ಹೇಳಿದ್ದರೆ ನಮ್ಮಲ್ಲಿ ಜಗಳವಾಗುತ್ತಿತ್ತೇನೋ. ಸಾಲ ಎಂದಾಗ ಯಾರೂ ಮಾತಾಡಲಿಲ್ಲ.

ಅವನ 5,650, ಕಾರ್ಯಾಗಾರಕ್ಕೆ ಹೆಚ್ಚುವರಿ 7,440, ಒಟ್ಟು 13,090. ಮೂವರ ತಲೆಗೆ 4,363. ನನ್ನ ಹೆಂಡತಿ ಅಡುಗೆಮನೆಯ ಕೌಂಟರ್ ಹೊಸದು ಮಾಡಿಸಬೇಕೆಂದಿದ್ದಳು. ಅದು ಇನ್ನೂ ಹಳೆಯದೇ.

ಇಲ್ಲಿ ಯಾರಾದರೂ ಕೇಳೇ ಕೇಳುತ್ತೀರಿ, ಇದನ್ನೆಲ್ಲ ಟ್ಯಾಕ್ಸ್‌ನಲ್ಲಿ ತೋರಿಸಬಹುದಲ್ಲ ಎಂದು. ಸ್ವಂತ ಖುಷಿಗೆ ಹಾರುವ ವಿಮಾನಕ್ಕೆ ಸವಕಳಿ ಇಲ್ಲ. ಮೊದಲ ವರ್ಷವೇ ಪೂರ್ತಿ ಸವಕಳಿ ಎಂದು ಯಾರೋ ಹೇಳುವುದು ವ್ಯವಹಾರದ ಬಳಕೆ ಅರ್ಧಕ್ಕಿಂತ ಹೆಚ್ಚಿದ್ದು, ಅದನ್ನು ಲಾಗ್‌ನಿಂದ ತೋರಿಸಬಲ್ಲವರಿಗೆ. ರಾಜ್ಯೋತ್ಸವಕ್ಕೆ ಹಾರಿ ಬಂದದ್ದು ವ್ಯವಹಾರವಲ್ಲ.

ಹಾಗಾದರೆ ಖರ್ಚು ತಕ್ಕುದಾಯಿತೇ? 31,290ರಲ್ಲಿ ಮಾರುವಾಗ 15,000 ಬಂದೀತೆಂದು ಹಿಡಿದು, ಉಳಿದದ್ದನ್ನು ಹತ್ತು ವರ್ಷಕ್ಕೆ ಹಂಚಿದರೆ, ವರ್ಷಕ್ಕೆ 110 ಗಂಟೆ ಹಾರಿದರೆ ಗಂಟೆಗೆ ಸುಮಾರು 15 ಡಾಲರ್. 40 ಗಂಟೆಯಷ್ಟೇ ಹಾರಿದರೆ 41. ಅದರ ಮೇಲೆ ಜಿಪಿಎಸ್ ಡೇಟಾಬೇಸಿನ ಚಂದಾ, 24 ತಿಂಗಳಿಗೊಮ್ಮೆ ಟ್ರಾನ್ಸ್‌ಪಾಂಡರ್, ಆಲ್ಟಿಮೀಟರ್ ತಪಾಸಣೆ. ಬಾಕ್ಸಿನ ಬೆಲೆಗಿಂತ ಎಷ್ಟು ಗಂಟೆ ಹಾರುತ್ತೀರಿ ಎಂಬುದೇ ಈ ಲೆಕ್ಕವನ್ನು ಏರಿಳಿಸುವುದು. ನಾಲ್ವರು ಮೂವರಾದ ಮೇಲೆ ನಾವು 110ರ ಹತ್ತಿರವೂ ಬಂದಿಲ್ಲ. ಆದರೆ ಕಳೆದ ನವೆಂಬರಿನಲ್ಲಿ ಜ್ಯಾಕ್ಸನ್ ಆಚೆ ಇಪ್ಪತ್ತು ನಿಮಿಷ ಬರೀ ಬಿಳಿಯೊಳಗೆ ಇದ್ದಾಗ ನಾನು ಗಂಟೆಗೆ ಎಷ್ಟೆಂದು ಲೆಕ್ಕ ಹಾಕುತ್ತಿರಲಿಲ್ಲ.

ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ಮನೆ ಜಕ್ಕೂರು ಏರೋಡ್ರೋಮಿಗೆ ಹತ್ತಿರ. ಪ್ಯಾನೆಲ್ ಮುಗಿದ ಫೋಟೋ ಕಳಿಸಿದೆ. "ಎಡಗಡೆ ಜಿ5 ಸ್ವಲ್ಪ ಸೊಟ್ಟ ಇದೆ ಅಣ್ಣಾ" ಎಂದು ಬರೆದ. ನೋಡಿದರೆ ನಿಜಕ್ಕೂ ಸೊಟ್ಟ.

ಆಮೇಲೆ ನಾವು ಬರೆದುಕೊಂಡ ಒಂದು ಪುಟದ ಒಪ್ಪಂದ, ಯಾರ ದುಡ್ಡು ಬಂಡವಾಳ, ಯಾರದು ಮುಂಗಡ, ಹೊರಟರೆ ಎಷ್ಟು ದಿನದಲ್ಲಿ ವಾಪಸ್ ಎಂಬುದು, ಅದರ ಪ್ರತಿಗಳು ಹೊರಗಿನ ಮೇಜಿನ ಮೇಲಿವೆ. ವಿಮಾನ ಇಲ್ಲದವರೂ ತೆಗೆದುಕೊಳ್ಳಿ, ಗೆಳೆಯರ ಜೊತೆ ಊರಲ್ಲಿ ಸೈಟು ಕೊಳ್ಳುವವರಿಗೂ ಆಗುತ್ತದೆ. ಪ್ರಶ್ನೆ ಇದ್ದವರು ಕೇಳಿ, ಅಡುಗೆಯವರು ಇನ್ನೂ ಹತ್ತು ನಿಮಿಷ ಎನ್ನುತ್ತಿದ್ದಾರೆ.