ಕೇಬಲ್ ತಂತಿಗೆ ಯಜಮಾನ ಯಾರು?



ಈಗ ಕೆಲವರ ಮನೆ ಮೇಲೆ ಡಿಶ್ ಇದೆ. ಹುಡುಗರು ಫೋನಿನಲ್ಲೇ ಸಿನಿಮಾ ನೋಡ್ತಾರೆ. ಆದರೂ ಕೇಬಲ್ ಟಿ.ವಿ. ಇನ್ನೂ ಬಹಳ ಮನೆಗಳಲ್ಲಿ ಇದೆ. ಕಂಬದಿಂದ ಕಂಬಕ್ಕೆ ಕಪ್ಪು ತಂತಿ ಎಳೆದಿರ್ತಾರೆ. ಅದು ಜೋತು ಬಿದ್ದಿರ್ತದೆ. ಹುಲ್ಲಿನ ಗಾಡಿ ಬಂದರೆ ಸಿಕ್ಕಿಕೊಳ್ತದೆ. ಕರೆಂಟಿನ ತಂತಿ ಹರಿದು ಅದರ ಮೇಲೆ ಬಿದ್ದರೆ ಏನು ಗತಿ? ಮುಟ್ಟಿದವರ ಜೀವಕ್ಕೇ ಅಪಾಯ. ಮಕ್ಕಳು ಶಾಲೆಗೆ ಹೋಗುವ ದಾರಿ ಅದು.

ಪಂಚಾಯ್ತಿಯಲ್ಲಿ ಕೇಳಿದರೆ, "ಅದು ನಮಗೆ ಸೇರಿದ್ದಲ್ಲ" ಅಂತಾರೆ. ಕೇಬಲ್‌ನವರನ್ನು ಕೇಳಿದರೆ, "ನಮ್ಮ ಹತ್ರ ಲೈಸೆನ್ಸ್ ಇದೆ" ಅಂತಾರೆ. ಇಬ್ಬರ ಮಾತೂ ಅರ್ಧ ನಿಜ.

ಕೇಬಲ್ ಟಿ.ವಿ.ಗೆ 1995ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು. ಕೇಬಲ್ ನಡೆಸುವವರು ಹೆಸರು ನೋಂದಾಯಿಸಲೇಬೇಕು. ಮೊದಲು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಆಗ್ತಿತ್ತು. 2025ರ ಜನವರಿಯಿಂದ ಅದು ಕಂಪ್ಯೂಟರ್ ಮೂಲಕ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಲ್ಲಿ ಆಗ್ತದೆ. ಇದರಲ್ಲಿ ಪಂಚಾಯ್ತಿಗೆ ಕೆಲಸ ಇಲ್ಲ. ಯಾವ ಚಾನೆಲ್ ಬರಬೇಕು ಅನ್ನೋದೂ ಅದರ ಕೈಲಿಲ್ಲ.

ಆದರೆ ರಸ್ತೆ ಯಾರದು? ಪಂಚಾಯ್ತಿ ಜಾಗ ಪಂಚಾಯ್ತಿಯದೇ. ಆ ಜಾಗದಲ್ಲಿ ಕಂಬ ನೆಡಲು, ತಂತಿ ಎಳೆಯಲು ಕೇಬಲ್‌ನವರು ಅನುಮತಿ ಕೇಳಬೇಕು. ಪಂಚಾಯ್ತಿ ಷರತ್ತು ಹಾಕಬಹುದು. ಪಟ್ಟಣದಲ್ಲಾದರೆ ಈ ಕೆಲಸ ಪುರಸಭೆಯದು. "ನಮಗೆ ಸೇರಿದ್ದಲ್ಲ" ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ. ಕರೆಂಟ್ ಕಂಬ ಮಾತ್ರ ಬೇರೆ. ಅದು ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಕಂಪನಿಗೆ ಸೇರಿದ್ದು. ನಾವು ಇನ್ನೂ ಕೆ.ಇ.ಬಿ. ಅಂತಲೇ ಕರೀತೀವಿ, ಇರಲಿ. ಅದರಲ್ಲಿ ತಂತಿ ಕಟ್ಟಲು ಅವರ ಒಪ್ಪಿಗೆ ಬೇಕು.

ತೆರಿಗೆಯ ಮಾತೂ ಉಂಟು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂತು. ರಾಜ್ಯದ ಮನರಂಜನಾ ತೆರಿಗೆ ಅದರಲ್ಲಿ ಸೇರಿಹೋಯ್ತು. ಪಂಚಾಯ್ತಿ, ನಗರಸಭೆಗಳು ವಸೂಲಿ ಮಾಡುವ ಮನರಂಜನಾ ತೆರಿಗೆಗೆ ಮಾತ್ರ ಸಂವಿಧಾನ ಜಾಗ ಉಳಿಸಿದೆ.

ಇನ್ನು ಕಾರ್ಯಕ್ರಮದ ವಿಷಯ. ಚಾನೆಲ್‌ನಲ್ಲಿ ಕೆಟ್ಟದ್ದು ಬಂದರೆ ಮೊದಲು ಆ ಚಾನೆಲ್‌ಗೇ ದೂರು ಕೊಡಬೇಕು. 2021ರ ನಿಯಮದ ಪ್ರಕಾರ ಅವರು 15 ದಿನದೊಳಗೆ ಉತ್ತರ ಕೊಡಬೇಕು. ಆದರೆ ಕೆಲವು ಕೇಬಲ್‌ನವರು ಊರಿಗೆಂದು ತಮ್ಮದೇ ಚಾನೆಲ್ ನಡೆಸ್ತಾರೆ. ಅದರಲ್ಲಿ ಜಾತಿ ಜಗಳ ಹಚ್ಚುವಂಥದ್ದು ಬಂತು ಅನ್ನಿ. ಆಗ ಜಿಲ್ಲಾಧಿಕಾರಿಗೋ, ಉಪವಿಭಾಗಾಧಿಕಾರಿಗೋ ತಿಳಿಸಿ. ಅಂಥ ಪ್ರಸಾರ ನಿಲ್ಲಿಸುವ ಅಧಿಕಾರ ಅವರಿಗೆ ಕಾನೂನಿನಲ್ಲೇ ಇದೆ. ಜಿಲ್ಲೆಗೊಂದು ಸಮಿತಿ ಇರಬೇಕು ಅಂತಲೂ ಕೇಂದ್ರ ಹೇಳಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಮಹಿಳಾ ಕಾಲೇಜಿನ ಪ್ರಾಂಶುಪಾಲರಿಗೂ ಅದರಲ್ಲಿ ಜಾಗ ಇದೆ. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಟಿ.ವಿ. ಮುಂದೆ ಮಕ್ಕಳನ್ನು ಕೂರಿಸಿಕೊಂಡು ಪೇಚಾಡುವವರು ತಾಯಂದಿರೇ ಅಲ್ವಾ?

ತಂತಿಯ ವಿಷಯ ಗ್ರಾಮಸಭೆಯಲ್ಲಿ ಎತ್ತಿ. ಆರು ತಿಂಗಳಿಗೆ ಒಮ್ಮೆಯಾದರೂ ಆ ಸಭೆ ನಡೀಬೇಕು. ಅಲ್ಲಿವರೆಗೆ ಕಾಯಬೇಡಿ, ಅರ್ಜಿ ಬರೀರಿ. ನಿಮಗೀಗ ಬರೆಯೋಕೆ ಬರ್ತದೆ. ಯಾವ ಬೀದಿ, ಯಾರ ಮನೆ ಮುಂದಿನ ಕಂಬ, ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಅಷ್ಟು ಬರೆದರೆ ಸಾಕು. ಒಂದು ಪ್ರತಿ ಪಂಚಾಯ್ತಿಗೆ, ಒಂದು ವಿದ್ಯುತ್ ಕಂಪನಿಯ ಕಚೇರಿಗೆ. ಮೂರನೇ ಪ್ರತಿಗೆ ಸೀಲು, ತಾರೀಖು ಹಾಕಿಸಿ ನೀವೇ ಇಟ್ಟುಕೊಳ್ಳಿ.