ನೊಯ್ಯಲ್ ನದಿಯ ಬಣ್ಣ



ತಿರುಪ್ಪೂರಿನ ಬನಿಯನ್ನು ಒಂದೇ ಸೂರಿನಡಿ ಸಿದ್ಧವಾಗುವುದು ಅಪರೂಪ. ಹೆಣೆಯುವವರು ಒಬ್ಬರು, ಬಣ್ಣ ಹಾಕುವವರು ಇನ್ನೊಬ್ಬರು, ಹೊಲಿಯುವವರು ಮತ್ತೊಬ್ಬರು. ಅಲ್ಪ ಬಂಡವಾಳದವನೂ ಹೊರದೇಶಗಳಿಗೆ ಸರಕು ಒದಗಿಸಬಲ್ಲನೆಂಬುದನ್ನು ಆ ಊರು ತೋರಿಸಿಕೊಟ್ಟಿತು. ಆದರೆ ಬಣ್ಣದ ಉಪ್ಪುನೀರು ನೊಯ್ಯಲ್ ನದಿಗೆ ಹರಿಯಿತು. ರೈತರ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಆ ಕೊಳಚೆಯ ಮಡುವಾಯಿತು. ಸುತ್ತಲ ಬಾವಿಗಳೂ ಕೆಟ್ಟವು. ನೂರಾರು ಘಟಕಗಳಲ್ಲಿ ಒಂದೊಂದರ ಪಾಲೂ ಅಲ್ಪವೇ. ಕೂಡಿದಾಗ ನದಿಯೇ ಹಾಳಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಕೊಳಚೆಯ ಹನಿಯನ್ನೂ ಹೊರಬಿಡಬಾರದೆಂಬುದೇ ಮತ್ತೆ ತೆರೆಯಲು ಷರತ್ತು. ಒಬ್ಬೊಬ್ಬರ ಕೈಗೆ ನಿಲುಕದ ಆ ವೆಚ್ಚಕ್ಕೆ ಸಾಮೂಹಿಕ ಶುದ್ಧೀಕರಣ ಸ್ಥಾವರಗಳೇ ಗತಿಯಾದವು. ಸರ್ಕಾರದ ಬಡ್ಡಿರಹಿತ ಸಾಲವೂ ಬೇಕಾಯಿತು. ನದಿ ಕೆಡುವ ಮೊದಲೇ ಆ ಸಾಲ ಏಕೆ ಬರಲಿಲ್ಲವೆಂಬುದು ಆಳುವವರನ್ನು ಕೇಳಬೇಕಾದ ಮಾತು.

ನೀರನ್ನು ಸೋಸಿ ಕುಡಿದು, ಬಟ್ಟೆಯಲ್ಲುಳಿದ ಜೀವಿಗಳನ್ನು ಮರಳಿ ಬಾವಿಗೇ ಬಿಡುತ್ತಿದ್ದ ಶ್ರಾವಕ ಮನೆತನಗಳು ಇಂದು ಜವಳಿ ವ್ಯಾಪಾರದಲ್ಲಿಯೂ ಇವೆ. ಶುದ್ಧೀಕರಣದ ಖರ್ಚು ಹೊತ್ತ ಬಟ್ಟೆಗೆ ದರ ತುಸು ಹೆಚ್ಚು. ಖರೀದಿಯ ಗದ್ದಿಗೆಯಲ್ಲಿ ಕುಳಿತು ಆ ತುಸುವಿಗಾಗಿ ಚೌಕಾಸಿಗಿಳಿಯುವಾಗ, ಬಣ್ಣದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರು ಅವರಲ್ಲಿ ಎಷ್ಟು ಮಂದಿ?