ಮರುಭೂಮಿಯ ಹಲ್ಲಿಗಳ ಗುರುತು

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹಲ್ಲಿಯ ಮಾತನ್ನೆತ್ತುವುದು ಅಪಶಕುನವೆಂದು ಯಾರಾದರೂ ಭಾವಿಸಿದರೆ ಅವರ ಕ್ಷಮೆಯನ್ನು ಮೊದಲೇ ಬೇಡುತ್ತೇನೆ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಚೆಕ್ಕಿನ ಮೇಲಿನ ರುಜುವನ್ನು ಮಾದರಿ ರುಜುವಿನೊಡನೆ ಹೋಲಿಸಿ ನೋಡುವುದು ನನ್ನ ನಿತ್ಯದ ಕಸುಬು. ಗುರುತು ತಪ್ಪಿದರೆ ಏನಾಗುತ್ತದೆಂಬುದನ್ನು ಬಲ್ಲೆ. ಆದರೂ ಒಂದು ದಿನ ತಪ್ಪಿದೆ. ಆ ಸಂಗತಿಯನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಸಹೋದ್ಯೋಗಿಯೊಬ್ಬರ ಊರು ಜೈಸಲ್ಮೇರ್ ಜಿಲ್ಲೆಯಲ್ಲಿದೆ. ಮಾರ್ಚಿಯಲ್ಲಿ ಬ್ಯಾಂಕಿನವನಿಗೆ ರಜೆಯ ಮಾತೇ ಇಲ್ಲ. ವರ್ಷದ ಲೆಕ್ಕ ಮುಗಿದ ಮೇಲೆ ಏಪ್ರಿಲಿನಲ್ಲಿ ಅವರೊಡನೆ ಅಲ್ಲಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ನೀರಿನ ತೊಟ್ಟಿಯ ಬಳಿ ಕಲ್ಲಿನ ಸಂದಿಯಿಂದ ಪಟ್ಟೆಪಟ್ಟೆಯ ಮೈಯೊಂದು ಇಣುಕಿತು. ಸೀಳಿದ ನಾಲಗೆ ಹೊರಬಂದು ಒಳಹೋಯಿತು. ನಾನು "ಹಾವು, ಹಾವು" ಎಂದು ಹಿಂದಿಯಲ್ಲಿ ಕೂಗಿಕೊಂಡೆ. ಹುಡುಗರು ದೊಣ್ಣೆ ಹಿಡಿದು ಓಡಿಬಂದರು. ಅವರಲ್ಲೊಬ್ಬ "ಗೋಯರಾ!" ಎಂದ. ಅದು ಕಚ್ಚಿದವನಿಗೆ ನೀರು ಬೇಡುವಷ್ಟು ಸಮಯವೂ ಉಳಿಯದೆಂದು ಆ ಕಡೆಯ ನಂಬಿಕೆ. ಎರಡು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಆಮೇಲೆ ಆಡು ಕಾಯುವ ಮುದುಕರೊಬ್ಬರು ಬಂದು, ಸತ್ತುದನ್ನು ಕೋಲಿನಿಂದ ಹೊರಳಿಸಿ, "ಬಾಬೂಜಿ, ಹಾವಿಗೆ ನಾಲ್ಕು ಕಾಲೆ?" ಎಂದು ಕೇಳಿದರು. ಅದು ಉಡದ ಮರಿ. ನನ್ನಲ್ಲಿ ಉತ್ತರವಿರಲಿಲ್ಲ. ಸುಳ್ಳು ಸಹಿಯ ಚೆಕ್ಕನ್ನು ಪಾಸು ಮಾಡಿದವನ ಸ್ಥಿತಿ ನನ್ನದಾಯಿತು.

ಅಂದಿನಿಂದ ಪ್ರತಿ ಏಪ್ರಿಲಿನಲ್ಲಿ ಒಂದು ನೋಟುಬುಕ್ಕು ಹಿಡಿದು ಅಲ್ಲಿಗೆ ಹೋಗುತ್ತೇನೆ. ಆ ಮುದುಕರೂ ಕೆಲವು ಪುಸ್ತಕಗಳೂ ನನಗೆ ಕಲಿಸಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲ ಪಾಠ: ಬಣ್ಣವನ್ನು ನಂಬಬಾರದು. ಬಣ್ಣ ರುಜುವಿನ ಶಾಯಿಯಿದ್ದಂತೆ. ಇಂದು ನೀಲಿ, ನಾಳೆ ಕಪ್ಪು. ನಮ್ಮೂರ ಬೇಲಿಯ ಓತಿಕ್ಯಾತವೇ ಕಾಲ ಬಂದಾಗ ಕೆಂಪಾಗುವುದಿಲ್ಲವೆ? ಥಾರ್ ಮರುಭೂಮಿಯ ಸಾಂಡಾ ಎಂಬ ಹಲ್ಲಿ ಬೆಳಿಗ್ಗೆ ಬಿಲದಿಂದ ಹೊರಬಂದಾಗ ಕಪ್ಪಾಗಿರುತ್ತದೆ. ಬಿಸಿಲು ಕಾದಂತೆ ಮೈ ತಿಳಿಯಾಗುತ್ತದೆ. ಇದನ್ನರಿಯದೆ ಒಂದೇ ಪ್ರಾಣಿಯನ್ನು ನೋಟುಬುಕ್ಕಿನಲ್ಲಿ ಎರಡೆಂದು ಬರೆದುಕೊಂಡ ಜಾಣ ನಾನೇ.

ಎರಡನೆಯ ಪಾಠ: ಬಾಲವನ್ನು ನೋಡಬೇಕು. ಸಾಂಡಾದ ಬಾಲದ ಸುತ್ತ ಮುಳ್ಳಿನಂಥ ಹುರುಪೆಗಳು ಬಳೆ ತೊಡಿಸಿದಂತೆ ಸಾಲಾಗಿರುತ್ತವೆ. ಇದೊಂದನ್ನು ಕಂಡರೆ ಬೇರೆ ಸಾಕ್ಷಿ ಬೇಡ. ಒಂದೂವರೆ ಅಡಿಯವರೆಗೂ ಬೆಳೆಯುವ ಈ ಪ್ರಾಣಿಗೆ ಹುಲ್ಲು, ಎಲೆ, ಹೂವು, ಬೀಜಗಳೇ ಮುಖ್ಯ ಆಹಾರ. ಮರಿಗಳು ಮಾತ್ರ ಹುಳುಗಳನ್ನು ಹೆಚ್ಚು ತಿನ್ನುತ್ತವೆ. ಗಟ್ಟಿ ನೆಲದಲ್ಲಿ ಬಿಲ ತೋಡಿ, ಒಳಗಿನಿಂದ ಮಣ್ಣು ತುಂಬಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಚಳಿಗಾಲವನ್ನು ಅಲ್ಲಿಯೇ ನಿದ್ರೆಯಲ್ಲಿ ಕಳೆಯುತ್ತದೆ. ಉಡಗಳಲ್ಲಿ ಅಲ್ಲಿ ಎರಡು ಬಗೆ. ನಮ್ಮ ಕರ್ನಾಟಕದಲ್ಲಿಯೂ ಇರುವ ಸಾಮಾನ್ಯ ಉಡದ ಬಾಲ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಮರುಭೂಮಿಯ ಉಡದ ಬಾಲ ಹೆಚ್ಚು ಕಡಿಮೆ ಗುಂಡು. ಎರಡಕ್ಕೂ ನಾಲಗೆ ಹಾವಿನಂತೆ ಸೀಳಿರುತ್ತದೆ. ನನ್ನ ಕಣ್ಣು ಮೋಸಹೋದದ್ದು ಅಲ್ಲಿಯೇ.

ಮೂರನೆಯ ಪಾಠ: ಕಾಲ್ಬೆರಳು ಮತ್ತು ಹೆಜ್ಜೆ. ಮರಳಿನ ಮೇಲೆ ಬಾಣದಂತೆ ಓಡುವ ಒಂದು ಸಣ್ಣ ಹಲ್ಲಿಯ ಬೆರಳುಗಳ ಅಂಚಿನಲ್ಲಿ ಸೀರೆಯ ಕುಚ್ಚಿನಂತೆ ಹುರುಪೆಗಳ ಸಾಲಿದೆ. ಅದರಿಂದ ಸಡಿಲ ಮರಳಿನಲ್ಲಿ ಕಾಲು ಹೂತುಹೋಗದು. ಮರಳುಮೀನು ಎಂದು ಕರೆಯಿಸಿಕೊಳ್ಳುವ ಇನ್ನೊಂದು ನಮ್ಮ ಹಾವುರಾಣಿಯ ಬಳಗದ್ದು. ಅದರ ಪುಟ್ಟ ಕಾಲುಗಳಲ್ಲಿ ಮೂರೇ ಬೆರಳು. ಅದು ಮರಳಿನೊಳಗೆ ಈಜುತ್ತದೆ. ಮೇಲೆ ನಿಂತವರಿಗೆ ಕಾಣುವುದು ಅಲೆಯಲೆಯಾದ ಗೆರೆ ಮಾತ್ರ. 1971ರ ಯುದ್ಧದಿಂದ ತಾವೆಲ್ಲರೂ ಹೆಸರು ಕೇಳಿರುವ ಲೋಂಗೇವಾಲಾದ ಮರಳುದಿಬ್ಬಗಳಲ್ಲಿ ಕಪ್ಪೆಯ ತಲೆಯಂಥ ತಲೆಯುಳ್ಳ ಒಂದು ಪುಟ್ಟ ಓತಿ ಇದೆ. ಅಪಾಯ ಕಂಡರೆ ಮೈಯನ್ನು ಅತ್ತಿತ್ತ ಅಲುಗಿಸಿ ಕ್ಷಣದಲ್ಲಿ ಮರಳಿನಲ್ಲಿ ಹುದುಗಿಬಿಡುತ್ತದೆ. ಅದರ ಶಾಸ್ತ್ರೀಯ ನಾಮದಲ್ಲಿ ಆ ಊರಿನ ಹೆಸರೇ ಸೇರಿದೆ.

ಇನ್ನು ಗೋಯರಾ ಎಲ್ಲಿ ಎಂದು ತಾವು ಕೇಳಬಹುದು. ಆ ಹೆಸರಿನ ಬೇರೊಂದು ಪ್ರಾಣಿಯೇ ಇಲ್ಲ. ಉಡದ ಮರಿಯ ಬಣ್ಣ, ಪಟ್ಟೆಗಳು ದೊಡ್ಡ ಉಡಕ್ಕಿಂತ ಎದ್ದು ಕಾಣುವುದರಿಂದ ಜನ ಅದನ್ನು ಬೇರೆ ಜಾತಿಯೆಂದು ತಿಳಿದು ವಿಷದ ಹೆಸರು ಹೊರಿಸಿದ್ದಾರೆ. ಕಚ್ಚಿ ಮನುಷ್ಯನ ಪ್ರಾಣ ತೆಗೆಯುವ ಹಲ್ಲಿ ನಮ್ಮ ದೇಶದಲ್ಲಿಲ್ಲ. ಮರುಭೂಮಿಯವರನ್ನು ನೋಡಿ ನಗಬೇಕಾಗಿಲ್ಲ. ನಿರಪರಾಧಿಯಾದ ಹಾವುರಾಣಿಗೆ ನಾವೂ ಅದೇ ಆಪಾದನೆ ಹೊರಿಸಿಲ್ಲವೆ?

ಒಂದು ಪ್ರಾಣಿ ವಿಷದ ಹೆಸರಿನಿಂದ ಸತ್ತರೆ, ಇನ್ನೊಂದು ಔಷಧದ ಹೆಸರಿನಿಂದ ಸಾಯುತ್ತಿದೆ. ರಸ್ತೆಯ ಬದಿಯಲ್ಲಿ ಸಾಂಡಾದ ಎಣ್ಣೆ ಎಂದು ಕೂಗಿ ಮಾರುವವರನ್ನು ತಾವು ಕಂಡಿರಬಹುದು. ಮುಂದೆ ಸಾಲಾಗಿ ಮಲಗಿರುವ ಹಲ್ಲಿಗಳು ಪಳಗಿದವುಗಳಲ್ಲ. ಓಡಿಹೋಗದಂತೆ ಅವುಗಳ ಬೆನ್ನುಮೂಳೆಯನ್ನು ಮುರಿದಿರುತ್ತಾರೆ. ಬಾಲದ ಬುಡದ ಕೊಬ್ಬನ್ನು ಕಾಯಿಸಿ ತೆಗೆದದ್ದೇ ಆ ಎಣ್ಣೆ. ಅದು ಬರಿಯ ಕೊಬ್ಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮಂಡಿನೋವಿರುವ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ವೈದ್ಯರ ಬಳಿಗೆ ಹೋಗಿರಿ; ಆ ಸೀಸೆಯನ್ನು ಕೊಳ್ಳಬೇಡಿರಿ.

ನಾನು ಈ ನಗರಕ್ಕೆ ಹೊಸದಾಗಿ ಬಂದಾಗ ನೆರೆಯವರು ನನ್ನನ್ನು "ಮದ್ರಾಸಿ" ಎಂದರು. ನಾನು ಕನ್ನಡಿಗನೆಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆ ಹೆಸರಿನಿಂದ ನನ್ನ ಪ್ರಾಣವೇನೂ ಹೋಗಲಿಲ್ಲ; ಮನಸ್ಸಿಗೆ ಸ್ವಲ್ಪ ನೋವಾಯಿತು, ಅಷ್ಟೆ. ಹಲ್ಲಿಗಾದರೋ ತಪ್ಪು ಹೆಸರು ಬಿದ್ದರೆ ದೊಣ್ಣೆಯೇ ಬೀಳುತ್ತದೆ. ಬಾಯಿಬಿಟ್ಟು ತಿದ್ದುವ ಶಕ್ತಿ ಅದಕ್ಕಿಲ್ಲ.

ಕಳೆದ ಏಪ್ರಿಲಿನಲ್ಲಿ ಅದೇ ತೊಟ್ಟಿಯ ಬಳಿ ಇನ್ನೊಂದು ಮರಿ ಕಾಣಿಸಿತು. ಅದೇ ಹುಡುಗರು ಈ ಸಲ ನನ್ನನ್ನು ಕೂಗಿ ಕರೆದು, "ಬಾಲ ನೋಡಿ ಹೇಳಿ, ಇದು ಯಾವುದು?" ಎಂದು ಕೇಳಿದರು. ಒಬ್ಬನ ಕೈಯಲ್ಲಿ ದೊಣ್ಣೆಯಿತ್ತು. ಆದರೆ ಅವನು ಎತ್ತಲಿಲ್ಲ. ನಾವೆಲ್ಲರೂ ದೂರ ನಿಂತು ನೋಡಿದೆವು. ಮರಿ ಒಂದೆರಡು ಸಲ ನಾಲಗೆ ಚಾಚಿ, ಕಲ್ಲಿನ ಸಂದಿಯೊಳಗೆ ಹೋಯಿತು.